ಅರಿಶಿನದ ತಟ್ಟೆ

ಮಳೆಗಾಲದಲ್ಲಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೋ, ನನ್ನ ಜೂಜು ಶುರು. ಗಾಜಿನ ಮೇಲಿನ ಎರಡು ಹನಿಗಳನ್ನು ಗುರುತು ಮಾಡಿಕೊಂಡು, ಕೆಳಗೆ ಯಾವುದು ಮೊದಲು ಮುಟ್ಟುತ್ತದೆಂದು ನನ್ನೊಳಗೇ ಪಂದ್ಯ ಕಟ್ಟುತ್ತೇನೆ. ನಾನು ನಂಬಿದ ಹನಿ ತೆರಕಣಾಂಬಿ ಬಂದರೂ ಕೂತಲ್ಲೇ ಕೂತಿರುತ್ತದೆ. ಪಕ್ಕದ್ದು ದಾರಿಯಲ್ಲಿ ಸಿಕ್ಕ ನಾಲ್ಕು ಹನಿಗಳನ್ನು ನುಂಗಿಕೊಂಡು ಸರ್ರನೆ ಇಳಿದು ಹೋಗುತ್ತದೆ.

ಕಳೆದ ಸಲ ಜೊತೆಗಿದ್ದ ಅಕ್ಕನ ಮಗ ಇದನ್ನು ಗಮನಿಸಿದ. ಎಂ.ಎಸ್ಸಿ. ಓದುವ ಹುಡುಗ. "ಮಾವ, ಈಗ ಬೆಳಕು ಬಿಟ್ಟು ಹನಿ ಓಡುಸ್ತಾರೆ. ಹನೀನೇ ರೋಬೋ" ಅಂದ. ನನ್ನ ಕಣ್ಣಿನ ರೋಬೋಗೆ ಕಬ್ಬಿಣದ ಕಾಲು, ನೆತ್ತಿಯ ಮೇಲೊಂದು ಬಲ್ಬು ಇದೆ. ಬೆರಳಲ್ಲಿ ಒರೆಸಿದರೆ ಇಲ್ಲವಾಗುವ ರೋಬೋವನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಮನೆ ಮುಟ್ಟಿದವನೇ ಅವನು ಅಕ್ಕನ ಅಡುಗೆಮನೆಗೆ ನುಗ್ಗಿದ. ತಟ್ಟೆಯಲ್ಲಿ ನೀರು, ಮೇಲೆ ತೆಳ್ಳಗೆ ಅರಿಶಿನ. "ಅರಿಸ್ನ ಏನ್ ಬಿಟ್ಟಿ ಬಂದದಾ?" ಎಂದು ಅಕ್ಕ ಒಲೆಯ ಮುಂದಿನಿಂದಲೇ ಗದರಿದಳು. ಸುತ್ತ ಹೊಲದ ತುಂಬ ಅರಿಶಿನ ಬೆಳೆಯುವ ಸೀಮೆಯಲ್ಲೂ ಚಿಟಿಕೆಗೆ ಲೆಕ್ಕ ಇದ್ದೇ ಇರುತ್ತದೆ. ಹುಡುಗ ಬೆರಳಿಗೆ ಸೋಪು ಸವರಿಕೊಂಡು ತಟ್ಟೆಯ ನಡುವೆ ಮುಟ್ಟಿದ. ಅರಿಶಿನವೆಲ್ಲ ಒಂದೇ ಏಟಿಗೆ ಅಂಚಿಗೆ ಓಡಿತು. ಹಿಂದೆ ಮುಖ್ಯಮಂತ್ರಿಗಳು, ಹೋದರೆ ಕುರ್ಚಿ ಹೋಗುತ್ತದೆಂದು ಚಾಮರಾಜನಗರದಿಂದ ದೂರ ಉಳಿಯುತ್ತಿದ್ದರಲ್ಲ, ಥೇಟ್ ಹಾಗೆ.

ನೀರಿನ ಮೈ ಬಿಗಿದ ತಮಟೆಯ ಚರ್ಮವಿದ್ದ ಹಾಗೆ. ಸೋಪು ತಾಗಿದ ಕಡೆ ಬಿಗಿ ಸಡಿಲವಾಗುತ್ತದೆ, ಸಡಿಲವಾಗದ ಕಡೆ ತನ್ನತ್ತ ಎಳೆದುಕೊಳ್ಳುತ್ತದೆ. ಶಾಖಕ್ಕೂ ಈ ಗುಣವುಂಟು. ಹನಿಯ ಒಂದು ಪಕ್ಕಕ್ಕೆ ಮಾತ್ರ ಲೇಸರ್ ಬೆಳಕು ಬಿಟ್ಟು ಬೆಚ್ಚಗೆ ಮಾಡಿದರೆ ಎಳೆತ ಏರುಪೇರಾಗಿ ಹನಿ ಜರುಗುತ್ತದೆ. ಇಟಲಿಯ ಕಾರ್ಲೋ ಮರಂಗೋನಿ 1865ರಲ್ಲಿ ಈ ಎಳೆದಾಟದ ಮೇಲೆ ಪ್ರಬಂಧ ಬರೆದ, ಹೆಸರು ಅವನದೇ ಉಳಿಯಿತು. ಅದಕ್ಕೂ ಹತ್ತು ವರ್ಷ ಮೊದಲು ಜೇಮ್ಸ್ ಥಾಮ್ಸನ್, ವೈನ್ ಲೋಟದ ಒಳಗೋಡೆ ಹತ್ತಿ ಇಳಿಯುವ ಹನಿಗಳಿಗೆ ಇದೇ ಕಾರಣ ಹೇಳಿದ್ದ. ಹೆಂಡದ ಸುದ್ದಿ ಬಂದರೆ ಗುಂಡ್ಲುಪೇಟೆಯವರಿಗೆ 'ರತ್ನನ ಪದಗಳು' ನೆನಪಾಗಬೇಕು. ಜಿ.ಪಿ. ರಾಜರತ್ನಂ ಹೆಸರಿನ ಜಿ.ಪಿ. ಎಂದರೆ ಗುಂಡ್ಲು ಪಂಡಿತ. ಅಷ್ಟು ಹೆಂಡ ಹರಿಸಿದವರು ತಾವು ಹನಿಯನ್ನೂ ಮುಟ್ಟಿದವರಲ್ಲ.

2000ದಲ್ಲಿ ಜಪಾನಿನ ಕುನಿಹಿರೊ ಇಚಿಮುರಾ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಬೆಳಕು ಬಿದ್ದರೆ ಆಕಾರ ಬದಲಿಸುವ ಅಣುಗಳನ್ನು ಗಾಜಿಗೆ ಲೇಪಿಸಿ, ಮೇಲೆ ಆಲಿವ್ ಎಣ್ಣೆಯ ಹನಿ ಇಟ್ಟು, ಬೆಳಕಿನಿಂದಲೇ ಅದನ್ನು ನಡೆಸಿದರು. ನಮ್ಮ ಕಡೆ ಆಗಿದ್ದರೆ ಹುಚ್ಚೆಳ್ಳೆಣ್ಣೆ ಇಟ್ಟಿರುತ್ತಿದ್ದರು.

"ಇದ್ರಿಂದ ಏನ್ ಉಪ್ಯೋಗಲಾ?" ಎಂದಳು ಅಕ್ಕ. ಹುಡುಗ ಹುರುಪಿನಿಂದ ಹೇಳಿದ. ರಕ್ತದ ಒಂದು ಹನಿ, ಔಷಧದ ಒಂದು ಹನಿ. ಎರಡನ್ನೂ ಅಂಗೈಯಗಲದ ಗಾಜಿನ ಮೇಲೆ ಬೆಳಕಲ್ಲೇ ನಡೆಸಿ ಕೂಡಿಸಬಹುದು. ಕೊಳವೆ ಬೇಡ, ಪಂಪು ಬೇಡ, ಯಾರೂ ಮುಟ್ಟದ ಕಾರಣ ಮಡಿಯೂ ಕೆಡುವುದಿಲ್ಲ. ಜೀವಕೋಶವನ್ನು ಹನಿಯೊಳಗೆ ಕೂರಿಸಿ ಸಾಗಿಸಬಹುದು. ಸಕ್ಕರೆ ಕಾಯಿಲೆಗೆ ತಿಂಗಳಿಗೊಮ್ಮೆ ಸಿರಿಂಜು ತುಂಬ ರಕ್ತ ಕೊಟ್ಟು ಬರುವ ಅಕ್ಕನಿಗೆ 'ಒಂದು ಹನಿ' ಎಂಬ ಮಾತು ಬಲು ಹಿಡಿಸಿತು. ಹನಿಗೆ ಪುಡಿಯ ಅಂಗಿ ತೊಡಿಸಿ ಗೋಲಿ ಮಾಡುವುದೂ ಉಂಟಂತೆ. ಆ ಗೋಲಿಯನ್ನು ನೀರಿನ ಮೇಲೆ ತೇಲಿಬಿಟ್ಟು ಬೆಳಕಿನಿಂದ ಓಡಿಸಿ, ಒಳಗಿನ ಸರಕನ್ನು ಬೇಕಾದ ಕಡೆ ಇಳಿಸಿದ್ದಾರೆ. ಅಂಗಿ ತೊಟ್ಟ ಹನಿಯನ್ನು ನಾನು ಚಿಕ್ಕಂದಿನಲ್ಲೇ ಕಂಡಿದ್ದೇನೆ: ಕಾದ ರಸ್ತೆಯ ಹುಡಿಮಣ್ಣಿಗೆ ಮೊದಲ ಮಳೆ ಬಿದ್ದಾಗ, ಧೂಳು ಮೆತ್ತಿಕೊಂಡು ಒದ್ದೆಯಾಗದೆ ಉರುಳುವ ದಪ್ಪ ಹನಿಗಳು.

ಇದೆಲ್ಲ ಹೆಚ್ಚುಕಡಿಮೆ ಇನ್ನೂ ಪ್ರಯೋಗಾಲಯದ ಮೇಜಿನ ಮೇಲಿನ ಆಟವೇ. ಹನಿ ಆರಿಹೋಗುತ್ತದೆ, ಗಾಜಿನ ಮೇಲೊಂದು ಕೊಳೆ ಇದ್ದರೆ ಅಂಟಿಕೊಂಡು ಕೂತುಬಿಡುತ್ತದೆ. ನಡುದಾರಿಯಲ್ಲಿ ಆವಿಯಾಗುವ ನೌಕರರನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ.

ಮಾರನೆಯ ದಿನ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆವು. 1454 ಮೀಟರ್ ಎತ್ತರ, ಮೈತುಂಬ ಮಂಜು. ಗರ್ಭಗುಡಿಯ ಬಾಗಿಲ ಮೇಲೆ ಜಿನುಗುವ ತಣ್ಣನೆಯ ನೀರನ್ನು ಅರ್ಚಕರು ತಲೆಗೆ ಪ್ರೋಕ್ಷಿಸಿದರು. ಅಲ್ಲಿ ಹನಿ ತನಗೆ ತೋಚಿದಾಗ ಬೀಳುತ್ತದೆ, ನಾವು ಕತ್ತೆತ್ತಿ ಕಾಯುತ್ತೇವೆ. ಹುಡುಗನೂ ಕತ್ತೆತ್ತಿ ನಿಂತಿದ್ದ. ಲೇಸರಿನ ಮಾತು ಎತ್ತಲಿಲ್ಲ.

ವಾಪಸು ಬಂದಾಗ ನನ್ನ ಬಿಳಿ ಪಂಚೆ ಅಕ್ಕನ ಕೈಗೆ ಸಿಕ್ಕಿತ್ತು. ಹಿಂದಿನ ದಿನ ಪ್ರಯೋಗದ ಭರದಲ್ಲಿ ಅರಿಶಿನದ ಕೈ ಅದರ ಅಂಚಿಗೇ ಒರೆಸಿದ್ದೆ. ಅವಳು ಸೋಪು ಹಾಕಿ ಉಜ್ಜಿದಳು. ಹಳದಿ ಹೋಗಿ ಓಕುಳಿಯ ಕೆಂಪು ಬಂತು! ಜಾಲಾಡಿದಳು, ಮತ್ತೆ ಹಳದಿ. ನಾನು ಹುಡುಗನ ಕಡೆ ನೋಡಿದೆ, ಅವನು ಮೊಬೈಲ್ ಕಡೆ ನೋಡಿದ. "ನಿಮ್ ಬೆಳ್ಕು ಗಿಳ್ಕೆಲ್ಲ ಆಮೇಕೆ. ಇದ ಬಿಸ್ಲಿಗ್ ಹಾಕು" ಎಂದು ಅಕ್ಕ ಒದ್ದೆ ಪಂಚೆಯನ್ನು ನನ್ನ ಕೈಗೆ ಕೊಟ್ಟಳು. ಎರಡು ಬಿಸಿಲು ಕಂಡ ಮೇಲೆ ಕಲೆ ಯಾವ ಅಂಚಿನಲ್ಲಿತ್ತೆಂದು ತಿರುವಿ ತಿರುವಿ ಹುಡುಕಬೇಕಾಯಿತು.