ಗಂಟೆಗಳ ಲೆಕ್ಕ ಬಿಡಿ: ಎಫ್‌ಎಂಜಿಇ ಬರೆಯಲಿರುವವರಿಗೆ ಬಹಿರಂಗ ಪತ್ರ

ಪ್ರಿಯ ಯುವ ವೈದ್ಯರೇ,

ರಷ್ಯಾ, ಕಿರ್ಗಿಸ್ತಾನ, ಜಾರ್ಜಿಯಾ, ಫಿಲಿಪ್ಪೀನ್ಸ್‌ಗಳಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿರುವ ನಿಮಗೆ ಈ ಪತ್ರ. ಪದವಿ ಕೈಯಲ್ಲಿದೆ. ಬೀದಿಯವರೆಲ್ಲ ಆಗಲೇ ‘ಡಾಕ್ಟ್ರೇ’ ಎಂದು ಕರೆಯುತ್ತಿದ್ದಾರೆ. ಆದರೆ ವಿದೇಶದಲ್ಲಿ ಓದಿದ ವೈದ್ಯರ ಅರ್ಹತಾ ಪರೀಕ್ಷೆಯಾದ ಎಫ್‌ಎಂಜಿಇ ದಾಟುವ ತನಕ ನೀವು ಇಲ್ಲಿ ಒಂದು ಔಷಧಿ ಚೀಟಿಯನ್ನೂ ಬರೆಯುವಂತಿಲ್ಲ. 2002ರಲ್ಲಿ ಶುರುವಾದ ಈ ಪರೀಕ್ಷೆ ವರ್ಷಕ್ಕೆರಡು ಬಾರಿ ನಡೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ತೇರ್ಗಡೆಯಾದವರಿಗಿಂತ ಆಗದವರ ಸಂಖ್ಯೆಯೇ ದೊಡ್ಡದು. ಅವರೆಲ್ಲ ಓದದೆ ಸೋತವರಲ್ಲ. ಹಗಲಿರುಳು ಓದಿಯೂ ಸೋತವರು ಅವರಲ್ಲಿದ್ದಾರೆ. ಅದಕ್ಕೇ ನಿಮ್ಮ ವೇಳಾಪಟ್ಟಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿತು.

ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಓದು, ಅನಾಟಮಿಯಿಂದ ಆರಂಭ, ಎಲ್ಲ ವಿಷಯಕ್ಕೂ ಸಮಪಾಲು. ನಿಮ್ಮಲ್ಲಿ ಬಹಳ ಮಂದಿ ಮೊದಲು ಹಾಕಿಕೊಳ್ಳುವ ಪಟ್ಟಿ ಇದು. ದುಡಿಯುವ ಮನಸ್ಸು ಅದರಲ್ಲಿ ಕಾಣುತ್ತದೆ, ಪರೀಕ್ಷೆ ಮಾತ್ರ ಕಾಣುವುದಿಲ್ಲ.

ಮೊದಲು ಪರೀಕ್ಷೆಯನ್ನು ನೋಡಿ. ಒಟ್ಟು 300 ಪ್ರಶ್ನೆ, 300 ನಿಮಿಷ. ಎರಡು ಭಾಗ, ಒಂದೊಂದರಲ್ಲಿ 150 ಪ್ರಶ್ನೆ. ತೇರ್ಗಡೆಗೆ 150 ಅಂಕ ಸಾಕು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ತಲಾ 17 ಅಂಕ. ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿಗೆ ತಲಾ 13. ಫೊರೆನ್ಸಿಕ್‌ಗೆ 10. ಇವೆಲ್ಲ ಕೂಡಿ ಬರೀ ನೂರು. ಉಳಿದ ಇನ್ನೂರು ಕ್ಲಿನಿಕಲ್ ವಿಷಯಗಳದು: ಮೆಡಿಸಿನ್‌ಗೆ 33, ಸರ್ಜರಿಗೆ 32, ಪ್ರಸೂತಿ-ಸ್ತ್ರೀರೋಗಕ್ಕೆ 30, ಕಮ್ಯುನಿಟಿ ಮೆಡಿಸಿನ್‌ಗೆ 30, ಮಕ್ಕಳ ವಿಭಾಗ, ಕಣ್ಣು ಹಾಗೂ ಇಎನ್‌ಟಿಗೆ ತಲಾ 15, ಮಿಕ್ಕದ್ದು ಸಣ್ಣ ವಿಷಯಗಳಿಗೆ. ಕಣ್ಣು ಮತ್ತು ಇಎನ್‌ಟಿ ಸೇರಿದರೆ ಹೆಚ್ಚುಕಡಿಮೆ ಮೆಡಿಸಿನ್‌ನಷ್ಟೇ ಅಂಕ. ಆದರೆ ಆ ಎರಡರ ಪುಸ್ತಕಗಳನ್ನು ಒಂದರ ಮೇಲೊಂದಿಟ್ಟರೂ ಮೆಡಿಸಿನ್ ಪುಸ್ತಕದ ದಪ್ಪಕ್ಕೆ ಸಾಟಿಯಾಗುವುದಿಲ್ಲ. ಅನಾಟಮಿಗೆ ಒಂದು ತಿಂಗಳು ಕೊಟ್ಟು ಇವೆರಡನ್ನು ಕೊನೆಯ ವಾರಕ್ಕೆ ನೂಕಿದರೆ ಕೈಗೆ ಬರಬಹುದಾದ ಅಂಕವನ್ನು ನೀವೇ ಬಿಟ್ಟುಕೊಟ್ಟಂತೆ.

ಕಮ್ಯುನಿಟಿ ಮೆಡಿಸಿನ್‌ಗೆ ಇನ್ನೂ ಹೆಚ್ಚಿನ ಗಮನ ಬೇಕು. ನಮ್ಮ ಲಸಿಕಾ ಪಟ್ಟಿ, ಕ್ಷಯ ನಿರ್ಮೂಲನೆ ಕಾರ್ಯಕ್ರಮ, ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯವಸ್ಥೆ ನಿಮಗೆ ವಿದೇಶದಲ್ಲಿ ಪಾಠವಾಗಿರುವ ಸಂಭವ ಕಡಿಮೆ. 1957ರಲ್ಲಿ ಶಿವಮೊಗ್ಗದ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ರೋಗಿಯನ್ನು ಕಿರ್ಗಿಸ್ತಾನದ ಬಿಷ್ಕೆಕ್‌ನ ವಾರ್ಡಿನಲ್ಲಿ ನೀವು ನೋಡಿರಲಾರಿರಿ. ಉಣ್ಣೆಯಿಂದ ಹರಡುವ ಆ ಜ್ವರ ನಿಮಗೆ ಪ್ರಶ್ನೆಪತ್ರಿಕೆಯಲ್ಲೂ ಎದುರಾಗಬಹುದು, ನಾಳೆ ಸಾಗರದಲ್ಲೋ ಸೊರಬದಲ್ಲೋ ಕೆಲಸಕ್ಕೆ ಸೇರಿದಾಗಲೂ ಎದುರಾಗಬಹುದು.

ಇನ್ನು ಓದುವ ರೀತಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು ಮಾತ್ರ, ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡವರು. ಓದುತ್ತಾ ಇರುವಾಗ ಎಲ್ಲವೂ ಗೊತ್ತಿದೆ ಎನಿಸುತ್ತದೆ, ಮುಚ್ಚಿದ ಮೇಲೆ ಉಳಿದದ್ದೆಷ್ಟೋ ಅಷ್ಟೇ ನಿಮ್ಮದು. ಹಾಗಾಗಿ ಪಟ್ಟಿಯಲ್ಲಿ ‘ಎಷ್ಟು ಗಂಟೆ’ ಎಂಬ ಕಾಲಂ ತೆಗೆದು ‘ಎಷ್ಟು ಪ್ರಶ್ನೆ ಬಿಡಿಸಿದೆ, ಎಲ್ಲಿ ತಪ್ಪಿದೆ’ ಎಂಬ ಕಾಲಂ ಹಾಕಿ.

ಇಪ್ಪತ್ತು ವಾರ ಇದೆ ಎಂದುಕೊಳ್ಳೋಣ. ಓದು ಶುರು ಮಾಡುವ ಮೊದಲೇ 300 ಪ್ರಶ್ನೆಗಳ ಪೂರ್ತಿ ಮಾದರಿ ಪರೀಕ್ಷೆ ಬರೆಯಿರಿ. ಅಂಕ ಕಡಿಮೆ ಬಂದರೆ ಅಂಜಬೇಡಿ, ಎಲ್ಲಿಂದ ಆರಂಭಿಸಬೇಕೆಂದು ಅದೇ ಹೇಳುತ್ತದೆ. ಮೊದಲ ಹನ್ನೆರಡು ವಾರ ಅಂಕದ ಪಾಲಿಗೆ ತಕ್ಕಂತೆ ಮೊದಲ ಸುತ್ತು, ಪ್ರತಿದಿನ ಆಯಾ ವಿಷಯದ ಪ್ರಶ್ನೆಗಳು. ವಾರದ ಏಳನೆಯ ದಿನ ಹೊಸದೇನೂ ಬೇಡ, ಹಳೆಯದರ ಪುನರಾವರ್ತನೆ ಮಾತ್ರ. ಮುಂದಿನ ಐದು ವಾರ ತಪ್ಪಾದ ಪ್ರಶ್ನೆಗಳ ಸುತ್ತ ಎರಡನೆಯ ಸುತ್ತು. ಕೊನೆಯ ಮೂರು ವಾರ ಪರೀಕ್ಷೆಯ ಸಮಯಕ್ಕೇ ಕುಳಿತು ಬರೆಯುವ ಅಭ್ಯಾಸ. ನಡುವೆ ಜ್ವರ ಬರುತ್ತದೆ, ಮನೆಯಲ್ಲಿ ಮದುವೆ ಬರುತ್ತದೆ. ಅದಕ್ಕೆಂದು ತಿಂಗಳಿಗೆ ಎರಡು ದಿನ ಖಾಲಿ ಇಡಿ. ರಾತ್ರಿ ಏಳು ಗಂಟೆ ನಿದ್ದೆಯನ್ನೂ ಪಟ್ಟಿಯಲ್ಲಿ ಬರೆಯಿರಿ, ಓದಿದ್ದು ನೆನಪಾಗಿ ಗಟ್ಟಿಯಾಗುವುದು ನಿದ್ದೆಯಲ್ಲೇ.

ಓದುವಾಗ ವಿಷಯಗಳ ನಡುವಿನ ಗೋಡೆ ಒಡೆಯಿರಿ. ಉದಾಹರಣೆಗೆ, ನೆಲದ ಮೇಲೆ ಮಲಗಿದ್ದ ಕೂಲಿಯೊಬ್ಬ ಬೆಳಗಿನ ಜಾವ ಹೊಟ್ಟೆನೋವೆಂದು ಬರುತ್ತಾನೆ. ರೆಪ್ಪೆಗಳು ಜೋಲುತ್ತಿವೆ, ಮೈಮೇಲೆ ಗಾಯದ ಗುರುತೇ ಇಲ್ಲ. ಕಟ್ಟುಹಾವಿನ ಕಡಿತ ಎಂದು ಹೊಳೆಯಬೇಕು. ವಿಷ ನರ-ಸ್ನಾಯು ಸಂಧಿಯಲ್ಲಿ ಮಾಡುವ ಹಾನಿ ಫಿಸಿಯಾಲಜಿ, ಪ್ರತಿವಿಷ ಫಾರ್ಮಕಾಲಜಿ, ಹಾವಿನ ಗುರುತು ಫೊರೆನ್ಸಿಕ್, ಉಸಿರು ಉಳಿಸುವುದು ಮೆಡಿಸಿನ್ ಮತ್ತು ಅನಸ್ತೇಶಿಯಾ. ಒಬ್ಬ ರೋಗಿಯನ್ನು ಪೂರ್ತಿ ಅರಿತರೆ ಐದು ವಿಷಯಗಳ ಪ್ರಶ್ನೆಗಳಿಗೆ ಸಿದ್ಧರಾಗುತ್ತೀರಿ. ಈ ಪರೀಕ್ಷೆಯ ಬಗ್ಗೆ ನಿಮಗೆ ಎಷ್ಟೇ ಸಿಟ್ಟಿರಲಿ, ಆ ಕೂಲಿಯ ಮುಂದೆ ನಿಲ್ಲುವವರಿಗೆ ಇಷ್ಟು ಗೊತ್ತಿರಲೇಬೇಕು ಎಂಬುದನ್ನು ನೀವೂ ಒಪ್ಪುತ್ತೀರಿ.

ತಂದೆತಾಯಂದಿರಲ್ಲೂ ಒಂದು ಬಿನ್ನಹ. ಸಾಲ ತೀರಿಸುವ ಚಿಂತೆ ನಿಜ. ಆದರೂ ಪಕ್ಕದ ಮನೆಯ ಮಗಳು ಮೊದಲ ಸಲಕ್ಕೇ ಪಾಸಾದ ಕತೆಯನ್ನು ಊಟದ ಹೊತ್ತಿನಲ್ಲಿ ತೆಗೆಯಬೇಡಿ. ಒಮ್ಮೆ ಸೋತ ಮಗುವಿಗೆ ಮತ್ತೆ ಬರೆಯಲು ಅವಕಾಶವಿದೆ. ಧೈರ್ಯ ಕೆಟ್ಟರೆ ಆ ಅವಕಾಶ ಇದ್ದೂ ಇಲ್ಲದಂತೆ.

ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಕಲಿತ, ಎಚ್ಚರದ ವೈದ್ಯರು ಬೇಕು. ನೀವು ಪರದೇಶದಲ್ಲಿ ವರ್ಷಗಟ್ಟಲೆ ಕಳೆದದ್ದು ಆ ಕೆಲಸಕ್ಕಾಗಿಯೇ. ಹಳೆಯ ಪಟ್ಟಿಯನ್ನು ಇವತ್ತೇ ಹರಿಯಿರಿ, ನಾಳೆ ಬೆಳಿಗ್ಗೆ ಮಾದರಿ ಪರೀಕ್ಷೆಗೆ ಕುಳಿತುಕೊಳ್ಳಿ.

ಇಂತಿ ನಿಮ್ಮ ಹಿತೈಷಿ,
ಒಬ್ಬ ಹಿರಿಯ ವೈದ್ಯ