ಬೂರುಗದ ಹತ್ತಿಯೂ ಬ್ಯಾಂಕಿನಿಂದ ನಿವೃತ್ತನಾದವನೂ

ಮಂಗಳೂರಿನವರಿಗೆ ಉಳಿತಾಯದ ಪಾಠ ಯಾರೂ ಹೇಳಬೇಕಾಗಿಲ್ಲ. 1906ರಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ್ದು ಇದೇ ಊರಿನಲ್ಲಿ. ಇಂಥ ಊರಿನ ನೀರು ಕುಡಿದು, ಅರ್ಧ ಆಯುಷ್ಯ ಬ್ಯಾಂಕಿನ ಕೌಂಟರಿನ ಹಿಂದೆ ಕಳೆದು ನಿವೃತ್ತನಾದವನು ಒಂದು ಗೋಣಿ ಹತ್ತಿಯನ್ನು ಬಿಸಾಡುವುದುಂಟೇ? ದುಡ್ಡು ಉಳಿಸುವವರು ಬ್ಯಾಂಕಿಗೆ ಹೋಗುತ್ತಾರೆ, ಉಳಿದದ್ದನ್ನೆಲ್ಲ ಉಳಿಸುವವರು ಅಟ್ಟ ಹತ್ತುತ್ತಾರೆ. ನಾನು ಎರಡನೆಯ ಪಂಗಡ.

ಗೋಣಿ ಹುಟ್ಟಿದ್ದು ಅಮ್ಮನ ಕಾಲದ ಬೂರುಗದ ಹಾಸಿಗೆಯಿಂದ. ಮಳೆಗಾಲದಲ್ಲಿ ಬೂಸರು ಹಿಡಿಸಿಕೊಂಡು, ಬೇಸಗೆಯಲ್ಲಿ ತಾರಸಿಯ ಬಿಸಿಲು ಕಾಯಿಸಿಕೊಂಡು ಅದರ ನಡುವೆ ಹೊಂಡ ಬಿದ್ದಿತ್ತು. ಬಿಚ್ಚಿಸಿ, ಹತ್ತಿ ಹಿಂಜಿಸಿ, ಸಣ್ಣ ಹಾಸಿಗೆಗಳನ್ನು ಮಾಡಿಸಿದೆವು. ಹಾಸಿಗೆ ಮಾಡುವಾತ ಉಳಿದ ಹತ್ತಿಯನ್ನು ಗೋಣಿಗೆ ತುರುಕುತ್ತಾ, “ಇಟ್ಟುಕೊಳ್ಳಿ ಸರ್, ಎಂತದಕ್ಕಾದರೂ ಆಗ್ತದೆ” ಎಂದ. ಅಷ್ಟು ಹೇಳಿ ಅವನು ಕೂಲಿ ಎಣಿಸಿಕೊಂಡು ಹೋದ. ಎಂತದಕ್ಕೆ ಆಗುತ್ತದೆ ಎಂದು ಹುಡುಕುವ ಮಂಡೆಬಿಸಿ ನನ್ನ ತಲೆಗೆ ಬಂತು.

ಮೊದಲು ದಿಂಬು. ಕುರ್ಚಿಗೊಂದು, ಉಯ್ಯಾಲೆಗೊಂದು, ಕಾರಿನಲ್ಲಿ ಕುತ್ತಿಗೆಗೊಂದು, ಕೊನೆಗೆ ಟೀವಿಯ ರಿಮೋಟು ಮಲಗಲಿಕ್ಕೂ ಒಂದು. ಹೊಲಿಗೆಯೂ ನನ್ನದೇ. ಒಂದೊಂದು ಮೂಲೆಯೂ ಸ್ವಲ್ಪ ಬಾಯಿ ಬಿಟ್ಟೇ ಇರುತ್ತಿತ್ತು. ನೆಂಟರು ಕೂತು ಎದ್ದರೆ ಅವರ ಪ್ಯಾಂಟಿನ ಹಿಂಬದಿಗೆ ನರೆ ಬಂದಿರುತ್ತಿತ್ತು. ಅವರು ಗೇಟು ದಾಟುವವರೆಗೆ ಹೇಳಬೇಕೋ ಬೇಡವೋ ಎಂದು ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಆಮೇಲೆ ದೀಪದ ಬತ್ತಿ. ಹತ್ತಿ ಮನೆಯಲ್ಲೇ ಇರುವಾಗ ಕಾರ್‌ಸ್ಟ್ರೀಟಿನಿಂದ ಬತ್ತಿಯ ಪ್ಯಾಕೆಟು ತರುವುದೆಂದರೆ ನನ್ನ ಜೀವಕ್ಕೆ ಒಗ್ಗದು. ತೊಡೆಯ ಮೇಲಿಟ್ಟು ಹೊಸೆದೆ. ಬೂರುಗದ ಎಳೆ ಗಿಡ್ಡ, ಮೇಲೆ ರೇಷ್ಮೆಯ ನುಣುಪು. ಒಂದಕ್ಕೊಂದು ಹೆಣೆದುಕೊಳ್ಳುವ ಬುದ್ಧಿಯೇ ಅದಕ್ಕಿಲ್ಲ. ಅದರಿಂದ ನೂಲು ತೆಗೆಯುವುದು ಕಷ್ಟವಾದ್ದರಿಂದಲೇ ಅದು ಮಗ್ಗ ಹತ್ತದೆ ಹಾಸಿಗೆ ಸೇರಿದ್ದು. ಹೊಲದ ಹತ್ತಿಯ ಎಳೆ ಬೀಜಕ್ಕೆ ಅಂಟಿಕೊಂಡು ಬೆಳೆಯುತ್ತದೆ, ಬೂರುಗದ್ದು ಕಾಯಿಯ ಒಳಗೋಡೆಯಿಂದ ಹುಟ್ಟಿ ಬೀಜವನ್ನು ಸುಮ್ಮನೆ ಸುತ್ತಿಕೊಂಡಿರುತ್ತದೆ. ಹುಟ್ಟಿನಿಂದಲೇ ಯಾರಿಗೂ ಅಂಟದ ಸ್ವಭಾವ, ನೆಂಟರ ಪ್ಯಾಂಟೊಂದನ್ನು ಬಿಟ್ಟು. ನನ್ನ ಬತ್ತಿ ಎಣ್ಣೆಗೆ ಇಳಿದದ್ದೇ ತಡ, ಬಿಚ್ಚಿಕೊಂಡು ಹಣತೆ ತುಂಬ ಹರಡಿತು. ದೇವರ ಮುಂದೆ ಹಾಗೆ ಕಾಲು ಚಾಚಬಾರದೆಂದು ಹೆಂಡತಿ ಅದನ್ನು ಎತ್ತಿ ಹೊರಗೆ ಹಾಕಿದಳು.

ಜೂನಿನಲ್ಲಿ ಇನ್ನೊಂದು ಅವಕಾಶ ಬಂತು. ಪಡುವಣ ಗಾಳಿ ಬೀಸಿದರೆ ನಮ್ಮ ಹಾಲಿನ ಕಿಟಕಿಯ ಸಂದಿಯಿಂದ ನೀರು ಒಳಗೆ ಬರುತ್ತದೆ. ಹೀರಿಕೊಳ್ಳಲಿ ಎಂದು ಸಂದಿಗೆ ಹತ್ತಿ ತುರುಕಿದೆ. ಬೂರುಗದ ಎಳೆಯ ಒಳಗೆ ಟೊಳ್ಳು, ಟೊಳ್ಳಿನ ತುಂಬ ಗಾಳಿ, ಹೊರಗೆ ಮೇಣದ ಲೇಪ. ಕೃತಕ ಫೋಮು ಬರುವ ಮೊದಲು ಹಡಗಿನವರ ಲೈಫ್ ಜಾಕೆಟಿಗೆ ತುಂಬುತ್ತಿದ್ದದ್ದು ಕಪೋಕ್ ಎಂಬ ಬಿಳಿ ಬೂರುಗದ ಹತ್ತಿಯನ್ನೇ. ಮುಳುಗುವವನನ್ನು ತೇಲಿಸುವ ವಸ್ತು ನೀರು ಕುಡಿದೀತೇ? ಬೆಳಿಗ್ಗೆ ನೋಡಿದರೆ ನೆಲದ ಮೇಲೆ ನೀರು, ನೀರಿನ ಮೇಲೆ ಹತ್ತಿ, ಹತ್ತಿ ಮಾತ್ರ ಒಣಗಿದ್ದು. “ಎಂತ ಮಾರಾಯ್ರೆ ಇದು? ಹಾಲಿನಲ್ಲಿ ಯಾರಾದರೂ ಮುಳುಗಿದರೆ ಹಿಡಿದುಕೊಳ್ಳಲಿಕ್ಕಾ?” ಎಂದು ಹೆಂಡತಿ ನೆಲ ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

ನೀರನ್ನು ಮೂಸದ ಈ ಹತ್ತಿ ಎಣ್ಣೆಯನ್ನು ಮಾತ್ರ ಗಟಗಟ ಕುಡಿಯುತ್ತದೆ. 2022ರ ಜೂನಿನಲ್ಲಿ ಉಳ್ಳಾಲದ ಕಡಲಿನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿ, ತೈಲ ಸೋರೀತೆಂದು ಎಲ್ಲರೂ ಹೆದರಿದ್ದರು. ಆಗ ನನ್ನ ಗೋಣಿ ಇದ್ದಿದ್ದರೆ ದೇಶಸೇವೆಗೆ ಕೊಡುತ್ತಿದ್ದೆ. ಕಡಲು ತಪ್ಪಿತು, ಬಾಣಲೆ ಸಿಕ್ಕಿತು. ಕರಿದ ಗೋಳಿಬಜೆಯನ್ನು ಕಾಗದದ ಬದಲು ಹತ್ತಿಯ ಮೇಲೆ ಹರಡಿದೆ. ಎಣ್ಣೆಯೇನೋ ಇಳಿಯಿತು. ಆದರೆ ಒಂದೊಂದು ಗೋಳಿಬಜೆಗೂ ಸುತ್ತ ತೆಳ್ಳಗೆ ಬಿಳಿಯ ಗಡ್ಡ. ಮೊಮ್ಮಗಳು ಒಂದನ್ನು ಎತ್ತಿ ಹಿಡಿದು, “ಅಜ್ಜ, ಇದು ನೀವಾ?” ಎಂದು ಕೇಳಿದಳು.

ಕೊನೆಗೆ ಕೈ ಹಿಡಿದದ್ದು ಕುಚ್ಚಲಕ್ಕಿ. ಅದು ಬೇಯುವಷ್ಟರಲ್ಲಿ ಗ್ಯಾಸಿನ ಸಿಲಿಂಡರು ನಿಟ್ಟುಸಿರು ಬಿಡುತ್ತದೆಂದು ಗಂಜಿ ಉಣ್ಣುವವರಿಗೆಲ್ಲ ಗೊತ್ತು. ಅದಕ್ಕೇ ನಮ್ಮ ಕಡೆ ಥರ್ಮಲ್ ಕುಕ್ಕರಿನ ಬಳಕೆ: ಅಕ್ಕಿಯನ್ನು ಒಮ್ಮೆ ಚೆನ್ನಾಗಿ ಕುದಿಸಿ, ಪಾತ್ರೆ ಸಮೇತ ಬಿಸಿ ಹಿಡಿದಿಡುವ ಡಬ್ಬಿಯೊಳಗಿಟ್ಟು ಮುಚ್ಚಿದರೆ, ಒಳಗಿನ ಬಿಸಿಗೇ ಅದು ಬೆಂದುಕೊಳ್ಳುತ್ತದೆ. ಬಿಸಿಯನ್ನು ಹೊರಗೆ ಬಿಡದಿರಲು ಬೇಕಾದದ್ದು ಅಲ್ಲಾಡದ ಗಾಳಿ. ಅದು ನನ್ನ ಗೋಣಿಯಲ್ಲಿ ಎಳೆ ಎಳೆಯಾಗಿ ತುಂಬಿತ್ತಲ್ಲ! ಅಟ್ಟದ ತಗಡಿನ ಟ್ರಂಕಿಗೆ ಸುತ್ತಲೂ ಹತ್ತಿಯ ಮೆತ್ತೆ ಕೂರಿಸಿ, ಹಳೆಯ ಪಂಚೆಯಿಂದ ಬಿಗಿಯಾಗಿ ಹೊಲಿದೆ. ಬೂರುಗಕ್ಕೆ ಬೆಂಕಿ ಬೇಗ ಹಿಡಿಯುತ್ತದೆಂದು ಟ್ರಂಕಿಗೆ ಒಲೆಯಿಂದ ದೂರ, ಊಟದ ಮೇಜಿನ ಕೆಳಗೆ ಜಾಗ ಸಿಕ್ಕಿತು.

ಮಧ್ಯಾಹ್ನ ಹೆಂಡತಿ ಮುಚ್ಚಳ ತೆಗೆದಳು. ಹಬೆ ಎದ್ದಿತು. ಸೌಟಿನಿಂದ ಒಂದು ಅಗುಳು ತೆಗೆದು ಬೆರಳಲ್ಲಿ ಹಿಚುಕಿದಳು. ಇನ್ನೊಂದು ತೆಗೆದು ಹಿಚುಕಿದಳು. ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಪ್ರಶಸ್ತಿ ಬಂದ ಮೇಲೆ ಸುಮ್ಮನಿರಲಾದೀತೇ? ಕದ್ರಿ ಪಾರ್ಕಿನಲ್ಲಿ ವಾಕಿಂಗಿಗೆ ಬರುವವರಿಗೆಲ್ಲ ಟ್ರಂಕಿನ ವರ್ಣನೆ ಮಾಡಿದೆ. ಅವರು ಒಬ್ಬೊಬ್ಬರಾಗಿ ಮನೆಗೆ ಬಂದು, ಬಗ್ಗಿ ಮೇಜಿನ ಕೆಳಗೆ ನೋಡಿ, “ಭಾರೀ ಲಾಯ್ಕುಂಟು” ಎಂದರು. ಬಂದವರನ್ನು ಬರೀ ಬಾಯಲ್ಲಿ ಕಳಿಸುವುದು ಹೇಗೆ? ಎಣ್ಣೆಯಲ್ಲಿ ಕರಿದ ಬಿಸಿ ಬಿಸಿ ಜೀಗುಜ್ಜೆ ಪೋಡಿ, ಕಾಫಿ. ತಿಂಗಳ ಕೊನೆಗೆ ನಾನು ಗ್ಯಾಸಿನ ಉಳಿತಾಯದ ಲೆಕ್ಕ ತೆಗೆಯಲು ಕೂತರೆ, ಸಿಲಿಂಡರು ಎಂದಿಗಿಂತ ಬೇಗ ಖಾಲಿ.

“ಅನ್ನದಲ್ಲಿ ಉಳಿದ ಗ್ಯಾಸು ಪೋಡಿಯಲ್ಲಿ ಹೋಯಿತು” ಎಂದಳು ಹೆಂಡತಿ. “ಮೇಲಿಂದ ಎಣ್ಣೆಯೂ ಹೋಯಿತು.”

ಪೋಡಿಯಿಂದ ಎಣ್ಣೆ ಇಳಿಸಲಿಕ್ಕೆ ಹತ್ತಿ ಇನ್ನೂ ಸ್ವಲ್ಪ ಉಂಟು ಎಂದು ಧೈರ್ಯ ಹೇಳಿದೆ.