ನಮ್ಮ ಸರ್ವರ್ ಯಾವ ಊರಿಂದು?

ಗದಗ-ಬೆಟಗೇರಿಯಲ್ಲಿ ಸೀರೆ ಅಂಗಡಿ ಇಟ್ಟವರಿಗೆ ಕಂಪ್ಯೂಟರ್ ಬಲ್ಲ ಅಣ್ಣನ ಮಗ ಇರಬಾರದು. ನಮ್ಮ ಕಾಕಾನಿಗೆ ನಾನಿದ್ದೇನೆ. ಮಗ್ಗದ ಸೀರೆಗಳನ್ನು ವೆಬ್‌ಸೈಟಿನಲ್ಲಿ ಮಾರಿ ಕಾಕಾನನ್ನು ಉದ್ಧಾರ ಮಾಡುವ ಹೊಣೆಯನ್ನು ಯಾರೂ ಕೇಳದಿದ್ದರೂ ಹೊತ್ತುಕೊಂಡೆ. ‘ಸರ್ವರ್ ಮುಂಬೈಯಲ್ಲೇ ಇದೆ’ ಎಂದು ಹಾಕಿಕೊಂಡಿದ್ದ ಅಗ್ಗದ ಹೋಸ್ಟಿಂಗ್ ಕಂಪನಿಯೊಂದಕ್ಕೆ ವರ್ಷದ ದುಡ್ಡು ಕಟ್ಟಿಯೂ ಬಿಟ್ಟೆ.

ಸೈಟ್ ಶುರುವಾದದ್ದೇ ತಡ, ಹೊರದೇಶದ ಕಳ್ಳರು ಪಾಸ್‌ವರ್ಡ್ ಊಹಿಸತೊಡಗಿದರು. ನಾನೇನು ಕಡಿಮೆಯೇ? ಭಾರತದ ಹೊರಗಿನ ಐಪಿ ವಿಳಾಸದಿಂದ ಯಾರು ಬಂದರೂ ಒಳಗೆ ಬಿಡಕೂಡದು ಎಂದು ಕಟ್ಟಪ್ಪಣೆ ಹೊರಡಿಸಿದೆ. ಕಳ್ಳರು ನಿಂತರು. ಅವರ ಜೊತೆಗೆ ಆರ್ಡರ್‌ಗಳೂ ನಿಂತವು. ದುಡ್ಡು ಕಟ್ಟಿದ್ದ ಲಕ್ಷ್ಮೇಶ್ವರದ ಅಕ್ಕಾರೊಬ್ಬರು ಬಸ್ ಹತ್ತಿ ಬೆಟಗೇರಿಗೇ ಬಂದು, ‘ನನ್ನ ಸೀರಿ ಎಲ್ಲೈತಿ?’ ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತರು.

ಆರ್ಡರಿನ ಮೇಲ್ ಕಳಿಸುವಂಥ ಕೆಲಸಗಳಿಗೆ ನಮ್ಮ ಸರ್ವರ್ ಆಗಾಗ ತನ್ನದೇ ಐಪಿ ವಿಳಾಸಕ್ಕೆ ತಾನೇ ಕರೆ ಕಳಿಸಿಕೊಳ್ಳುತ್ತಿತ್ತು. ಆ ವಿಳಾಸ ಎಲ್ಲಿಯದೆಂದು ಹೇಳುವ ಡೇಟಾಬೇಸಿನಲ್ಲೋ ‘ನೆದರ್‌ಲ್ಯಾಂಡ್ಸ್’ ಎಂದು ಬರೆದಿತ್ತು. ಪಾಪದ ಸರ್ವರ್ ತನ್ನ ಬಾಗಿಲನ್ನು ತಾನೇ ಬಡಿದು, ಬಂದದ್ದು ಪರದೇಶಿ ಎಂದು ತನ್ನನ್ನೇ ಹೊರಗಟ್ಟುತ್ತಿತ್ತು.

ಐಪಿ ವಿಳಾಸದಲ್ಲಿ ಊರಿನ ಹೆಸರು ಇರುವುದೇ ಇಲ್ಲ. ಹಳೆಯ ಮಾದರಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅವುಗಳ ಜಾಗತಿಕ ದಾಸ್ತಾನು 2011ರಲ್ಲೇ ಬರಿದಾಯಿತು. ಆಮೇಲೆ ಕಂಪನಿಯಿಂದ ಕಂಪನಿಗೆ ಮಾರಾಟ, ಬಾಡಿಗೆ. ವಿಳಾಸ ಮುಂಬೈಗೆ ಬಂದರೂ ದಾಖಲೆ ಎಷ್ಟೋ ಸಲ ಬರುವುದಿಲ್ಲ; ಮದುವೆಯಾಗಿ ಶಿರಹಟ್ಟಿಗೆ ಹೋದವಳ ಹೆಸರು ತವರಿನ ರೇಷನ್ ಕಾರ್ಡಿನಲ್ಲೇ ಉಳಿದ ಹಾಗೆ.

ನಮ್ಮ ಸರ್ವರಿನ ಮಟ್ಟಿಗೆ ನಿಯಮ ಸಡಿಲಿಸಿ ಪಾರಾದೆ. ಆದರೆ ನನ್ನ ಜಾಣತನ ಅಷ್ಟಕ್ಕೇ ಮುಗಿಯಬೇಕಲ್ಲ! ಸೈಟಿಗೆ ಬಂದವರ ಊರು ತೋರಿಸುವ ಪಟ್ಟಿಯಲ್ಲಿ ಚೆನ್ನೈ, ಚೆನ್ನೈ, ಬರೀ ಚೆನ್ನೈ. ‘ಕಾಕಾ, ತಮಿಳರು ಮುಗಿಬಿದ್ದಾರ!’ ಎಂದು ಸಾರಿ, ಗೊತ್ತಿಲ್ಲದ ಭಾಷೆಯಲ್ಲಿ ಯಂತ್ರದ ಕೈಲಿ ಒಂದು ಪುಟವನ್ನೂ ಬರೆಸಿದೆ. ಮೊಬೈಲ್ ಕಂಪನಿಗಳು ಹಳ್ಳಿ-ಪಟ್ಟಣಗಳ ಇಂಟರ್‌ನೆಟ್ಟನ್ನು ದೊಡ್ಡ ನಗರದ ಬಾಗಿಲಿನಿಂದ ಹೊರಬಿಡುತ್ತವೆ, ಸಾವಿರಾರು ಜನರಿಗೆ ಒಂದೇ ವಿಳಾಸ ಹಂಚುತ್ತವೆ ಎಂಬುದು ತಿಳಿದದ್ದು ಆಮೇಲೆ. ನನ್ನ ಚೆನ್ನೈ ಗಿರಾಕಿಗಳೆಂದರೆ ಮುಂಡರಗಿಯ ನಮ್ಮ ಅತ್ತಿ ಮತ್ತು ಆಕೆಯ ಓಣಿಯವರು. ತಮಿಳು ಪುಟ ಕಂಡು ಅತ್ತಿ ಫೋನ್ ಮಾಡಿದಳು: ‘ಯಾಕೋ ತಮ್ಮಾ, ಅಂಗಡಿ ಮಾರಿದ್ರೇನು?’

ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂದು ನಾಲ್ಕೇ ಊರು ಹೇಳಿ ಕನ್ನಡದ ತಿರುಳು ಎಲ್ಲಿದೆಯೆಂದು ಗುರುತು ಹಾಕಿತ್ತು. ಆ ಪುಲಿಗೆರೆಯೇ ಲಕ್ಷ್ಮೇಶ್ವರ. ಇವತ್ತು ಕಟ್ಟೆಯ ಮೇಲಿನ ಅಕ್ಕಾರ ಫೋನ್ ತೆರೆದು ನೋಡಿದರೆ ಪುಲಿಗೆರೆಯೂ ಚೆನ್ನೈಯಲ್ಲೇ.

ಕಾಕಾನನ್ನು ಸಮಾಧಾನ ಮಾಡಲು ಕಾನ್ಸಾಸಿನ ಕಥೆ ತೆಗೆದೆ. ಮ್ಯಾಕ್ಸ್‌ಮೈಂಡ್ ಎಂಬ ಅಮೆರಿಕದ ಕಂಪನಿ, ದೇಶ ಬಿಟ್ಟು ಬೇರೇನೂ ಗೊತ್ತಾಗದ ವಿಳಾಸಗಳಿಗೆಲ್ಲ ದೇಶದ ನಡುವಿನ ಒಂದು ಬಿಂದುವನ್ನು ಕೊಟ್ಟಿತ್ತು. ಆ ಬಿಂದು ಬಿದ್ದದ್ದು ಕಾನ್ಸಾಸ್ ರಾಜ್ಯದ ಪಾಟ್ವಿನ್ ಊರಿನ ಹತ್ತಿರದ ಒಂದು ಹೊಲದಮನೆಯ ಮೇಲೆ. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳಿಗೆ ಆ ಮನೆಯೇ ಗುರುತು! ಯಾವ ಮೂಲೆಯಲ್ಲಿ ಯಾರು ಮೋಸ ಮಾಡಿದರೂ ಪೊಲೀಸರು ವರ್ಷಗಟ್ಟಲೆ ಅಲ್ಲಿಗೇ ಬಂದರು. 2016ರಲ್ಲಿ ಸುದ್ದಿಯಾದ ಮೇಲೆ ಕಂಪನಿ ಆ ಬಿಂದುವನ್ನು ಎತ್ತಿ ಕೆರೆಯೊಂದರ ನಡುವೆ ಹಾಕಿತು.

ಕಾಕಾ ಎಲ್ಲ ಕೇಳಿ, ಸೀರೆ ಮಡಚುತ್ತಲೇ ಅಂದರು: ‘ಹಂಗಾದ್ರ ನಿನ್ನ ಕಂಪ್ಯೂಟರ್ ಒಯ್ದು ಭೀಷ್ಮ ಕೆರಿಗೆ ಹಾಕು. ಅಡ್ರೆಸ್ಸರೆ ಗದಗಿಂದ ಆಗತೈತಿ.’